ಕ್ಯಾಸೆಟ್ಟು, ಸಿ.ಡಿ. ಮತ್ತು ಇಡೀ ರಾತ್ರಿಯ ಭಾಗವತಿಕೆ

ರೆಕಾರ್ಡು ಮೇಲೋ ಸಿ.ಡಿ. ಮೇಲೋ ಎಂಬ ಚರ್ಚೆ ಸಂಗೀತ ಸಂಗ್ರಾಹಕರ ನಡುವೆ ಜಗತ್ತಿನ ಬಹುಕಡೆ ನಡೆದೇ ಇದೆ. ಜಮೈಕಾದ ರೆಗೆ ಸಂಗೀತದ ಅಭಿಮಾನಿಗಳಲ್ಲಂತೂ ಅದು ಬಲು ಜೋರು. 1970ರ ದಶಕದಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹೊರಬರುತ್ತಿದ್ದ ಏಳು ಇಂಚಿನ ಎಷ್ಟೋ ರೆಕಾರ್ಡುಗಳ ಒಂದು ಮಗ್ಗುಲಲ್ಲಿ ಹಾಡು ಇರುತ್ತಿತ್ತು, ಇನ್ನೊಂದರಲ್ಲಿ ಗಾಯಕನ ದನಿ ಕಳೆದು ಲಯವಾದ್ಯಗಳನ್ನು ಮುಂದೆ ತಂದ ಅದೇ ಹಾಡಿನ ರೂಪ. ಕಿಂಗ್ ಟಬ್ಬಿಯಂಥ ಧ್ವನಿತಂತ್ರಜ್ಞರು ಆ ಎರಡನೆಯ ಮಗ್ಗುಲನ್ನೇ ಸ್ವತಂತ್ರ ಕಲೆಯಾಗಿ ಬೆಳೆಸಿದರು. ಹಾಡುಗಳನ್ನಷ್ಟೇ ಒಟ್ಟುಮಾಡಿದ ಸಿ.ಡಿ. ಕೊಂಡವರಿಗೆ ಆ ಜೋಡಿ ಸಿಗುವುದಿಲ್ಲ, ಹಾಗಾಗಿ ಅಭಿಮಾನಿಗಳು ಹಳೆಯ ರೆಕಾರ್ಡನ್ನೇ ಹುಡುಕುತ್ತಾರೆ. ಆದರೆ 1993ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶುರುವಾದ ಬ್ಲಡ್ ಅಂಡ್ ಫೈರ್ ಸಂಸ್ಥೆ ಮೂಲ ಟೇಪುಗಳನ್ನು ಪತ್ತೆಹಚ್ಚಿ ಸಿ.ಡಿ. ತಂದಾಗ, ಗರಗರ ಎನ್ನುವ ಹಳೆಯ ರೆಕಾರ್ಡಿಗಿಂತ ಅದೇ ಲೇಸೆಂದವರೂ ಇದ್ದರು. ಅಂದರೆ ಯಾವ ಸಾಧನ ಮೇಲು ಎಂಬುದನ್ನು ಹಾಗೆಯೇ ಹೇಳಲು ಬರುವುದಿಲ್ಲ. ಕಲೆ ಮೊದಲು ಯಾವುದರಲ್ಲಿ ದಾಖಲಾಯಿತು, ಆ ಮೂಲ ಈಗಲೂ ಉಳಿದಿದೆಯೇ ಎಂದು ಮೊದಲು ಕೇಳಬೇಕು. ಈ ಅಳತೆಯನ್ನು ಮಂಗಳೂರಿಗೆ ತಂದರೆ ರೆಕಾರ್ಡಿನ ಜಾಗದಲ್ಲಿ ಕ್ಯಾಸೆಟ್ಟು ಬಂದು ಕೂರುತ್ತದೆ, ರೆಗೆಯ ಜಾಗದಲ್ಲಿ ಯಕ್ಷಗಾನ ಮತ್ತು ತಾಳಮದ್ದಳೆ. ಕರಾವಳಿಯ ಈ ಕಲೆಯ ಮಟ್ಟಿಗೆ ಕ್ಯಾಸೆಟ್ಟೇ ಬಹುಪಾಲು ಮೂಲಪ್ರತಿ ಎಂಬುದು ನನ್ನ ವಾದ. ಸಿ.ಡಿ. ಬಂತೆಂದು ಅದನ್ನು ಗುಜರಿಗೆ ಹಾಕಿದರೆ ಮತ್ತೆ ಸಿಗದ್ದನ್ನು ಕಳೆದುಕೊಳ್ಳುತ್ತೇವೆ.

ರೆಕಾರ್ಡಿನ ಕಾಲದಲ್ಲಿ ಯಕ್ಷಗಾನಕ್ಕೆ ಏಕೆ ಜಾಗ ಸಾಲದಾಯಿತೆಂದು ಬರಿಯ ಲೆಕ್ಕವೇ ಹೇಳುತ್ತದೆ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಓಡುವುದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ಒಂದು ರಂಗಗೀತೆಯೋ ದೇವರನಾಮವೋ ಮುಗಿದೀತು. ಭಾಗವತರು ಪದ ಎತ್ತಿ, ಚೆಂಡೆ ಮದ್ದಳೆಯ ಬಿಡ್ತಿಗೆ ಮುಕ್ತಾಯ ಆಗಿ, ಅದರ ಮೇಲೆ ಅರ್ಥಧಾರಿ ಮಾತು ಬೆಳೆಸುವ ಕಲೆ ಅದರೊಳಗೆ ಹಿಡಿಸುವುದಿಲ್ಲ. ಎಲ್.ಪಿ. ಬಂದ ಮೇಲೂ ಮಗ್ಗುಲಿಗೆ ಇಪ್ಪತ್ತು–ಇಪ್ಪತ್ತೈದು ನಿಮಿಷವೇ. ಇನ್ನು ಗ್ರಾಮಫೋನ್ ಕಂಪೆನಿಯ ದೊಡ್ಡ ಕಾರ್ಖಾನೆ ಇದ್ದದ್ದು ಕಲ್ಕತ್ತದ ದಮ್‌ದಮ್ಮಿನಲ್ಲಿ. ಅಲ್ಲಿ ಅಚ್ಚು ಮಾಡಿಸಿ ದುಡ್ಡು ಹುಟ್ಟಬೇಕಾದರೆ ಕೊಳ್ಳುವವರ ಸಂಖ್ಯೆ ದೊಡ್ಡದಿರಬೇಕಿತ್ತು. ಎರಡು ಮೂರು ಜಿಲ್ಲೆಗಳ ಕಲೆಗೆ, ತುಳು, ಕೊಂಕಣಿ, ಬ್ಯಾರಿಯಂಥ ಭಾಷೆಗಳಿಗೆ ಆ ಲೆಕ್ಕ ಕೂಡಿಬರುವುದು ಕಷ್ಟವಾಗಿತ್ತು.

ಫಿಲಿಪ್ಸ್ ಕಂಪೆನಿ 1963ರಲ್ಲಿ ತಂದ ಕ್ಯಾಸೆಟ್ಟು ಈ ಎರಡು ತೊಡಕನ್ನೂ ಬಿಡಿಸಿತು. ಸಿ-60 ಎಂದರೆ ಮಗ್ಗುಲಿಗೆ ಅರ್ಧ ಗಂಟೆ, ಸಿ-90 ಎಂದರೆ ಮುಕ್ಕಾಲು ಗಂಟೆ. ನಕಲು ಮಾಡಲು ಕಾರ್ಖಾನೆ ಬೇಡ, ಅಂಗಡಿಯ ಹಿಂಬದಿಯ ಕೋಣೆ ಸಾಕು. ನೂರು ಪ್ರತಿ ಖರ್ಚಾದ ಮೇಲೆ ಇನ್ನು ನೂರು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಯ ಕ್ಯಾಸೆಟ್ಟಿಗೆ ದಾರಿ ತೆರೆಯಿತು. ಕರಾವಳಿಯಲ್ಲಿ ಆ ದಾರಿ ಅಗಲವಾದದ್ದಕ್ಕೆ ಇನ್ನೊಂದು ಕಾರಣವೂ ಇದೆ: ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಟೂ-ಇನ್-ವನ್. ರೇಡಿಯೋವೂ ಟೇಪ್ ರೆಕಾರ್ಡರೂ ಒಂದೇ ಪೆಟ್ಟಿಗೆಯಲ್ಲಿದ್ದ ಆ ಯಂತ್ರ ಕೇಳುಗನ ಕೈಗೆ ಮುದ್ರಿಸುವ ಶಕ್ತಿಯನ್ನು ಕೊಟ್ಟಿತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾಗಿತ್ತು. ಬಾನುಲಿಯಲ್ಲಿ ಬಂದದ್ದನ್ನು ಒಂದು ಗುಂಡಿ ಒತ್ತಿ ಉಳಿಸಿಕೊಳ್ಳುವುದು ಸಾಧ್ಯವಾಯಿತು. ವಿಲ್ಫಿ ರೆಬಿಂಬಸ್ (1942–2010) ಅವರ ಕೊಂಕಣಿ ಹಾಡುಗಳು ಮಂಗಳೂರಿನಿಂದ ಮುಂಬಯಿಗೂ ಕೊಲ್ಲಿಗೂ ಹರಡಿದ್ದರಲ್ಲಿ ಕ್ಯಾಸೆಟ್ಟಿನ ಪಾಲು ದೊಡ್ಡದು.

ಎಲ್ಲಕ್ಕಿಂತ ಹೆಚ್ಚು ಒಗ್ಗಿದ್ದು ತಾಳಮದ್ದಳೆಗೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂಟದಲ್ಲಿ ಕುಳಿತವರ ಪದ ಮತ್ತು ಮಾತು ಅಷ್ಟೇ. ಕಿವಿಗೆ ಬಿದ್ದರೆ ಕಲೆ ಇಡಿಯಾಗಿ ಸಿಕ್ಕಿತೆಂದೇ ಅರ್ಥ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣರನ್ನು ಕೂಟಕ್ಕೆ ಹೋಗಲಾರದವರೂ ಕೇಳುವಂತಾದದ್ದು ಹೀಗೆ. ಭಾಗವತರಲ್ಲಿ ಕಾಳಿಂಗ ನಾವಡರ ಉದಾಹರಣೆ ಇನ್ನೂ ಎದ್ದು ಕಾಣುತ್ತದೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರನ್ನು ರಂಗದಲ್ಲಿ ಕಾಣದ ತಲೆಮಾರು ಇಂದಿಗೂ ಆ ಶೈಲಿಯನ್ನು ಅನುಸರಿಸುತ್ತಿದೆಯೆಂದರೆ ಅದರ ಹಿಂದೆ ಟೇಪುಗಳಿವೆ.

ಈ ಟೇಪುಗಳು ಎರಡು ಬಗೆ, ಸಂಗ್ರಾಹಕರು ಇದನ್ನು ಮರೆಯಬಾರದು. ಒಂದು, ಸ್ಟುಡಿಯೋದಲ್ಲಿ ಮುದ್ರಿಸಿ ಮಾರಾಟಕ್ಕೆ ಬಿಟ್ಟದ್ದು. ಇಲ್ಲಿ ಪ್ರಸಂಗವನ್ನು ಒಂದೋ ಎರಡೋ ಗಂಟೆಗೆ ಇಳಿಸಿರುತ್ತಾರೆ; ಮಗ್ಗುಲು ತಿರುಗಿಸುವ ಹೊತ್ತಿಗೆ ಮಾತು ಒಂದು ನಿಲುಗಡೆಗೆ ಬರುವಂತೆ ಹೊಂದಿಸಿರುತ್ತಾರೆ. ಇನ್ನೊಂದು, ಅಭಿಮಾನಿಗಳು ಆಟದ ರಂಗಸ್ಥಳದ ಬದಿಯಲ್ಲೋ ಕೂಟದ ಮುಂದಿನ ಸಾಲಿನಲ್ಲೋ ಟೇಪ್ ರೆಕಾರ್ಡರಿಟ್ಟು ಹಿಡಿದದ್ದು. ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಈ ಎರಡನೆಯದು. ಅರ್ಥಗಾರಿಕೆ ಬರೆದಿಟ್ಟುಕೊಂಡ ಮಾತಲ್ಲ, ಎದುರಾಳಿಯ ಪ್ರಶ್ನೆಗೆ ಆ ಕ್ಷಣ ಹುಟ್ಟುವ ಉತ್ತರ. ಅದೇ ಕೃಷ್ಣ, ಅದೇ ಕೌರವ ಮರುದಿನ ಇನ್ನೊಂದು ಊರಿನಲ್ಲಿ ಕುಳಿತರೆ ಸಂಧಾನದ ಚರ್ಚೆ ಬೇರೆಯೇ ದಾರಿ ಹಿಡಿಯುತ್ತದೆ. ರೆಗೆಗೆ ಸ್ಟುಡಿಯೋದ ಮೂಲ ಟೇಪು ಎಂಬುದೊಂದಿತ್ತು, ಹುಡುಕಿದರೆ ಸಿಗುವ ಆಸೆಯಿತ್ತು. ಇಲ್ಲಿ ಮನೆಯ ಕಪಾಟಿನಲ್ಲಿರುವ ಸಿ-90 ಬಿಟ್ಟರೆ ಬೇರೆ ಮೂಲವೇ ಇಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸಿ.ಡಿ. ಅಗ್ಗವಾಯಿತು, ವಿ.ಸಿ.ಡಿ. ಬಂದು ಆಟವನ್ನು ಕಣ್ಣಿಗೂ ಕಾಣಿಸಿತು. ಮಾಮೂಲಿ ಸಿ.ಡಿ.ಯ ಹಿಡಿತ 74ರಿಂದ 80 ನಿಮಿಷ. ಅದರಲ್ಲಿ ಸಿ-90ರ ಸರಕೂ ಪೂರ್ತಿ ಕೂರುವುದಿಲ್ಲ, ಇಳಿಸುವವರು ಒಂದೆರಡು ಪದವನ್ನೋ ಪೀಠಿಕೆಯನ್ನೋ ಕತ್ತರಿಸಲೇಬೇಕು. ಎಂಟು ಗಂಟೆಯ ರಾತ್ರಿಯಾಟಕ್ಕೆ ಕ್ಯಾಸೆಟ್ಟಾದರೆ ಆರು ಬೇಕು, ಸಿ.ಡಿ.ಯೂ ಆರೇಳು ಬೇಕು. ಈ ಲೆಕ್ಕವನ್ನು ನಿಜಕ್ಕೂ ಮುರಿದದ್ದು ಎಂಪಿ3 ಸಿ.ಡಿ. ಹತ್ತು–ಹನ್ನೆರಡು ಗಂಟೆಯ ಸದ್ದು ಒಂದೇ ಬಿಲ್ಲೆಯಲ್ಲಿ ಕೂತು, ಪೂರ್ವರಂಗದಿಂದ ಮಂಗಳದವರೆಗೆ ಮಗ್ಗುಲು ತಿರುಗಿಸದೆ ಕೇಳುವುದು ಮೊದಲ ಬಾರಿಗೆ ಕೈಗೂಡಿತು. ಈಗ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿ, ಹಿಂದೆ ನಿಧಾನವಾಗಿ ಏರುತ್ತಿದ್ದ ಗತಿ, ಬೆಳಗಿನ ಜಾವಕ್ಕೆಂದೇ ಕಾದಿಡುತ್ತಿದ್ದ ರಾಗಗಳು ವಿರಳವಾಗಿವೆ. ಇಡೀ ರಾತ್ರಿಯನ್ನು ಇಡಿಯಾಗಿ ಕೇಳಿಸುವ ಸಾಧನಕ್ಕೆ ಆ ಮಟ್ಟಿಗೆ ಗೌರವ ಸಲ್ಲಬೇಕು.

ಹಾಗಾದರೆ ಸಿ.ಡಿ.ಯೇ ಸಾಕಲ್ಲ, ಟೇಪಿನ ಸುಯ್ಯೆನ್ನುವ ಸದ್ದು ಯಾರಿಗೆ ಬೇಕು ಎನ್ನುವವರಿದ್ದಾರೆ. ಸದ್ದಿನ ಶುದ್ಧಿಯೊಂದನ್ನೇ ನೋಡಿದರೆ ಅವರ ಮಾತು ಸರಿ. ನೇರವಾಗಿ ಡಿಜಿಟಲ್ ಆಗಿ ಮುದ್ರಿಸಿದ ಸಿ.ಡಿ.ಗೆ ಕ್ಯಾಸೆಟ್ಟು ಎಂದೂ ಸಾಟಿಯಲ್ಲ. ಭಾಗವತರ ದನಿಗೆ ಮಟ್ಟ ಹೊಂದಿಸಿದರೆ ಚೆಂಡೆಯ ಪೆಟ್ಟು ಟೇಪಿನಲ್ಲಿ ಒಡೆಯುತ್ತದೆ, ಚೆಂಡೆಗೆ ಹೊಂದಿಸಿದರೆ ದನಿ ಆ ಸುಯ್‌ ಸದ್ದಿನಲ್ಲಿ ಮುಳುಗುತ್ತದೆ. ಆದರೆ ನಮ್ಮ ಕೈಯಲ್ಲಿರುವ ಹಳೆಯ ಪ್ರಸಂಗಗಳ ಸಿ.ಡಿ. ಎಷ್ಟೋ ಸಲ ಅದೇ ಕ್ಯಾಸೆಟ್ಟಿನಿಂದ ಇಳಿಸಿದ್ದು. ಸುಯ್‌ ಸದ್ದು ಕಳೆಯಲು ತಂತ್ರಾಂಶ ಹಾಯಿಸಿದಾಗ ಜಾಗಟೆಯ ಅನುರಣನವೂ ಶ್ರುತಿಯ ಮೇಲಿನ ಎಳೆಗಳೂ ಅದರ ಜೊತೆಗೇ ಹೋಗುತ್ತವೆ. ಅದನ್ನು ಎಂಪಿ3 ಆಗಿ ಕುಗ್ಗಿಸಿದರೆ ಚೆಂಡೆಯ ಚೂಪು ಪೆಟ್ಟಿನ ಅಂಚು ಮಸುಕಾಗುತ್ತದೆ. ಕ್ಯಾಸೆಟ್ಟಿನ ದೋಷ ಹೋಗಲಿಲ್ಲ, ಅದರ ಮೇಲೆ ಇನ್ನೊಂದು ಕೂಡಿತು.

ಇನ್ನೂ ದೊಡ್ಡ ಸಮಸ್ಯೆ ವೇಗದ್ದು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬ್ಯಾಟರಿಯಲ್ಲಿ ಮುದ್ರಿಸುತ್ತ ಹೋದಾಗ ಬೆಳಗಿನ ಜಾವಕ್ಕೆ ಅದು ಇಳಿದು ಮೋಟಾರು ನಿಧಾನವಾದರೆ, ಆ ಟೇಪನ್ನು ಮನೆಯಲ್ಲಿ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಚುರುಕಾಗಿ, ಎತ್ತರವಾಗಿ ಕೇಳುತ್ತದೆ. ಶೇಕಡಾ 6ರಷ್ಟು ವ್ಯತ್ಯಾಸವಾದರೂ ಸಾಕು, ಶ್ರುತಿ ಹಾರ್ಮೋನಿಯಂನ ಒಂದು ಮನೆ ಮೇಲೇರುತ್ತದೆ. ಇದನ್ನು ತಿದ್ದದೆ ಸಿ.ಡಿ. ಮಾಡಿದರೆ ಭಾಗವತರು ಎಂದೂ ಹಾಡದ ಶ್ರುತಿಯೇ ಅವರ ಶ್ರುತಿಯೆಂದು ನಿಂತುಬಿಡುತ್ತದೆ. ಕಿರಿಯರು ಅದನ್ನು ನಂಬಿ ಗಂಟಲು ಹರಿದುಕೊಳ್ಳುತ್ತಾರೆ. ಕ್ಯಾಸೆಟ್ಟು ಕೈಯಲ್ಲಿದ್ದರೆ ಇದಕ್ಕೆ ಮದ್ದುಂಟು. ರಾತ್ರಿಯಿಡೀ ಹಿಂದೆ ನುಡಿಯುವ ಶ್ರುತಿಪೆಟ್ಟಿಗೆಯೇ ಅಳತೆಗೋಲು: ಮೊದಲ ಟೇಪಿನ ಶ್ರುತಿಗೂ ಕೊನೆಯದರ ಶ್ರುತಿಗೂ ಎಷ್ಟು ಅಂತರವಿದೆಯೆಂದು ನೋಡಿ, ನಡುವೆ ಶ್ರುತಿ ಬದಲಿಸಿಲ್ಲವೆಂದು ಖಚಿತಪಡಿಸಿಕೊಂಡು, ಓಟವನ್ನು ಸರಿಮಾಡಬಹುದು. ಕತ್ತರಿಸಿ, ಸೋಸಿ, ಕುಗ್ಗಿಸಿದ ಪ್ರತಿಯಲ್ಲಿ ಈ ಕೆಲಸ ಬಲು ಕಷ್ಟ.

ಕರಾವಳಿಯ ಮಳೆಗೆ ಕ್ಯಾಸೆಟ್ಟು ಉಳಿಯುವುದೇ ಎಂಬುದು ಗಟ್ಟಿಯಾದ ಆಕ್ಷೇಪ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಒಳಗಿನ ಸಣ್ಣ ಒತ್ತುಪಟ್ಟಿಯ ಅಂಟು ಬಿಡುತ್ತದೆ, ಸಿ-120ರಂಥ ತೆಳು ಟೇಪು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ನಿಜ. ಆದರೆ ಬೂಷ್ಟನ್ನು ಒಣಗಿಸಿ ತೆಗೆಯಬಹುದು, ಹರಿದ ಟೇಪನ್ನು ಅಂಟಿಸಿದರೆ ಒಂದೆರಡು ಅಕ್ಷರ ಹೋಗಿ ಉಳಿದದ್ದು ಸಿಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಬರೆದ ಸಿ.ಡಿ.ಯ ಹಣೆಬರಹ ಬೇರೆ. ಅದರಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ತೆಳು ಪದರದ ಮೇಲೆ, ಅದು ಕೆಟ್ಟರೆ ಯಂತ್ರ ಬಿಲ್ಲೆಯನ್ನೇ ಗುರುತಿಸದೆ ಹೊರಗೆ ತಳ್ಳುತ್ತದೆ. ಟೇಪು ಸ್ವಲ್ಪಸ್ವಲ್ಪವಾಗಿ ಸವೆಯುತ್ತದೆ, ಸಿ.ಡಿ. ಒಮ್ಮೆಲೇ ಹೋಗುತ್ತದೆ. ಹಾಗೆಂದು ಕ್ಯಾಸೆಟ್ಟನ್ನೇ ನಂಬಿ ಕೂರುವುದೂ ತಪ್ಪು. ಓಡಿಸುವ ಒಳ್ಳೆಯ ಯಂತ್ರವೂ ಅದನ್ನು ದುರಸ್ತಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಟೇಪಿನ ಓಟಕ್ಕೆ ಹೆಡ್ಡನ್ನು ಹೊಂದಿಸಿ, ಏನನ್ನೂ ಸೋಸದೆ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಪೂರ್ತಿ ಇಳಿಸಿಡಬೇಕೆಂಬುದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಸಲಹೆಗೂ ಹೊಂದುತ್ತದೆ. ಸೋಸಿದ, ಕುಗ್ಗಿಸಿದ ಪ್ರತಿಗಳನ್ನು ಆಮೇಲೆ ಅದರಿಂದ ಬೇಕಾದಷ್ಟು ಮಾಡಿಕೊಳ್ಳಬಹುದು.

ಯೂಟ್ಯೂಬಿನಲ್ಲಿ ಎಲ್ಲ ಸಿಗುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರು ಅಲ್ಲಿ ಏರಿಸಿದ ಹಳೆಯ ಪ್ರಸಂಗಗಳ ಕೆಳಗಿನ ವಿವರವನ್ನು ನೋಡಬೇಕು. ಎಷ್ಟೋ ಕಡೆ ಪ್ರಸಂಗದ ಹೆಸರು, ಮುಖ್ಯ ಅರ್ಥಧಾರಿಯ ಹೆಸರು, ಅಷ್ಟಕ್ಕೆ ಮುಗಿಯಿತು. ಯಾವ ಊರು, ಯಾವ ಇಸವಿ, ಚೆಂಡೆ ಯಾರದು, ಮದ್ದಳೆ ಯಾರದು ಎಂಬುದಿಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ದಾಖಲೆಯ ಶಿಸ್ತನ್ನು ಇದೇ ನೆಲದಲ್ಲಿ ತೋರಿಸಿಕೊಟ್ಟಿದೆ. ಫಿನ್‌ಲ್ಯಾಂಡಿನ ಲೌರಿ ಹೊಂಕೊ ತಂಡ 1990ರಲ್ಲಿ ಗೋಪಾಲ ನಾಯ್ಕರಿಂದ ಮುದ್ರಿಸಿಕೊಂಡ ಸಿರಿ ಪಾಡ್ದನ 15,683 ಸಾಲಿನ ಗ್ರಂಥವಾಗಿ 1998ರಲ್ಲಿ ಬಂದದ್ದು ಹಾಡಿದ್ದನ್ನು ಇಡಿಯಾಗಿ ಹಿಡಿದು, ಹಾಡಿದವರ ಹೆಸರಿನೊಡನೆ ಉಳಿಸಿದ್ದರಿಂದ. ಮನೆಮನೆಯ ಕ್ಯಾಸೆಟ್ಟುಗಳಿಗೆ ಅಂಥ ತಂಡ ಬರುವುದಿಲ್ಲ. ಆದರೆ ಡಬ್ಬಿಯೊಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಕು, ಊರಿನ ಹೆಸರು, ಹಿಮ್ಮೇಳದವರ ಪಟ್ಟಿ ಎಷ್ಟೋ ಸಲ ಇನ್ನೂ ಓದುವಂತಿರುತ್ತದೆ. ಟೇಪನ್ನು ಇಳಿಸುವ ದಿನವೇ ಆ ಕಾಗದದ ಫೋಟೋ ತೆಗೆದು ಅದೇ ಕಡತದ ಜೊತೆ ಇಡಬೇಕು. ಕಾಗದ ಇಲ್ಲದಿದ್ದರೆ ಆ ಮದ್ದಳೆಯ ನುಡಿತವನ್ನು ಕೇಳಿ ಬಾರಿಸಿದವರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಅವರಿಗೆ ಕೇಳಿಸಿ ಬರೆದುಕೊಳ್ಳಬೇಕು.