ಉಜ್ಜದೆ ಹುಟ್ಟಿದ ಮಸೂರ

ಬೆಳಕು ಬಿದ್ದರೆ ಗಟ್ಟಿಯಾಗುವ ರೆಸಿನ್ನಿನಿಂದ ಅಮೆರಿಕದ ಎಂಜಿನಿಯರ್ ಚಕ್ ಹಲ್ ಮೊದಲು ಮಾಡಿದ್ದು ಕಣ್ಣು ತೊಳೆಯುವ ಒಂದು ಪುಟ್ಟ ಬಟ್ಟಲು. 1983ರ ಮಾರ್ಚ್ 9, ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್. ರಾತ್ರಿ ಹೆಂಡತಿಗೆ ಫೋನ್ ಮಾಡಿ ಕರೆಸಿಕೊಂಡು ಅದನ್ನು ತೋರಿಸಿದರಂತೆ. ಮೇಜಿನ ಮೇಲ್ಮೈಗೆ ಬಳಿಯುವ ಲೇಪವನ್ನು ನೇರಳಾತೀತ ದೀಪದಲ್ಲಿ ಗಟ್ಟಿ ಮಾಡುವುದು ಅವರು ಕೆಲಸಕ್ಕಿದ್ದ ಕಂಪನಿಯ ಕಸುಬು. ಅದೇ ಲೇಪವನ್ನು ಒಂದರ ಮೇಲೊಂದು ಕೂರಿಸುತ್ತ ಹೋದರೆ ವಸ್ತುವೇ ಆಗಿಬಿಡುತ್ತದಲ್ಲ ಎಂದು ಅವರಿಗೆ ಹೊಳೆಯಿತು. ದಾವಣಗೆರೆಯಲ್ಲಿ ಕನ್ನಡಕದಂಗಡಿಯ ಗಲ್ಲಾದ ಹಿಂದೆ ಕೂತೇ ತಲೆ ನೆರೆಸಿಕೊಂಡ ನಾನು ಇದನ್ನು ಓದಿ ನಕ್ಕಿದ್ದೆ. ಆ ಬಟ್ಟಲಲ್ಲಿ ಕಣ್ಣು ತೊಳೆಯಬಹುದಿತ್ತೇ ಹೊರತು ಅದರ ಮೂಲಕ ಏನನ್ನೂ ನೋಡುವಂತಿರಲಿಲ್ಲ.

ಹಲ್‌ಗಿಂತ ಮೊದಲೇ ಈ ದಾರಿ ಹಿಡಿದವರಿದ್ದರು. ನಗೋಯಾದ ಹಿದೆಯೊ ಕೊಡಾಮಾ 1980ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿ, ಮುಂದಿನ ಕಾಗದಪತ್ರ ಗಡುವಿನೊಳಗೆ ಕೊಡಲಾಗದೆ ಕೈಚೆಲ್ಲಿದರು. ಫ್ರಾನ್ಸಿನ ಮೂವರು 1984ರಲ್ಲಿ ಹಲ್‌ಗಿಂತ ಮೂರು ವಾರ ಮುಂಚೆ ಅರ್ಜಿ ಕೊಟ್ಟಿದ್ದರು, ಆದರೆ ಅವರ ಕಂಪನಿಯವರಿಗೇ ಅದರಲ್ಲಿ ಲಾಭ ಕಾಣಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ 1820ರ ದಶಕದಲ್ಲಿ ಫ್ರಾನ್ಸಿನ ನಿಯೆಪ್ಸ್ ತವರದ ತಗಡಿನ ಮೇಲೆ ಬಳಿದ ಡಾಂಬರು ಬಿಸಿಲಿಗೆ ಗಟ್ಟಿಯಾಗಿ, ಜಗತ್ತಿನ ಮೊದಲ ಫೋಟೊಗಳಲ್ಲಿ ಒಂದಾಯಿತು. ಇವತ್ತು ಹಲ್ಲಿನ ಡಾಕ್ಟರು ಬಾಯೊಳಗೆ ನೀಲಿ ಬೆಳಕು ಹಿಡಿಯುವುದೂ ಇದೇ ಬಗೆಯ ಕೆಲಸಕ್ಕೆ.

ತೊಡಕೆಲ್ಲ ಇರುವುದು ಪದರದಲ್ಲಿ. ಹಲ್‌ನ ಉಪಾಯದಂತೆ ಪದರದ ಮೇಲೆ ಪದರ ಕೂರಿಸಿ ವಸ್ತು ಮುದ್ರಿಸುವ 3ಡಿ ಪ್ರಿಂಟರಿನ ಒಂದು ಪದರ ಸಾಮಾನ್ಯವಾಗಿ 50 ಮೈಕ್ರೋಮೀಟರ್. ಹಸಿರು ಬೆಳಕಿನ ಅಲೆಯ ಉದ್ದ ಸುಮಾರು 0.55 ಮೈಕ್ರೋಮೀಟರ್. ಪದರ ಅದಕ್ಕಿಂತ 90 ಪಟ್ಟು ದಪ್ಪ. ಉಬ್ಬಿದ ಮೈಯನ್ನು ಇಂಥ ಪದರಗಳಲ್ಲಿ ಕಟ್ಟಿದರೆ ಅಂಚಿಗೆಲ್ಲ ಮೆಟ್ಟಿಲುಗಳಾಗುತ್ತವೆ. ಬೆಳಕು ಪ್ರತಿ ಮೆಟ್ಟಿಲಿಗೂ ಎಡವಿ ಚೆದುರುತ್ತದೆ. ಲೆನ್ಸಿನ ಮೈಯ ಏರಿಳಿತ ಅಲೆಯ ಉದ್ದದ ಸಣ್ಣ ಪಾಲಿನಷ್ಟೇ ಇರಬೇಕು.

ಆ ನಯಕ್ಕಾಗಿಯೇ ಜನ ಶತಮಾನಗಟ್ಟಲೆ ಗಾಜು ಉಜ್ಜಿದರು. ನೆದರ್ಲೆಂಡ್ಸಿನ ದಾರ್ಶನಿಕ ಸ್ಪಿನೋಜಾ ಹೊಟ್ಟೆಪಾಡಿಗೆ ಮಸೂರ ಉಜ್ಜುತ್ತಿದ್ದ. 1677ರಲ್ಲಿ, 44ನೇ ವಯಸ್ಸಿಗೆ, ಎದೆಯ ಕಾಯಿಲೆಯಿಂದ ತೀರಿಕೊಂಡ. ಗಾಜಿನ ಧೂಳೇ ಅವನನ್ನು ತಿಂದಿತು ಎನ್ನುವವರಿದ್ದಾರೆ. ನಮ್ಮಪ್ಪ ದುಂಡು ಗಾಜುಗಳನ್ನು ಫ್ರೇಮಿನ ಅಳತೆಗೆ ಸಾಣೆಕಲ್ಲಿಗೆ ಹಿಡಿಯುವಾಗ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಊಟಕ್ಕೆ ಕೂತಾಗಲೂ ಉಗುರಿನ ಸಂದಿಯಲ್ಲಿ ಬಿಳಿ ಕೆಸರು. ಅವರು ಮಾಡುತ್ತಿದ್ದುದು ಅಂಚಿನ ಕೆಲಸ ಮಾತ್ರ. ನಡುವಿನ ಪವರ್ ಬೇರೆ ಕಡೆ ಉಜ್ಜಿ ಬರುತ್ತಿತ್ತು.

ಉಜ್ಜದೆ ಮಸೂರ ಮಾಡುವ ಇನ್ನೊಂದು ದಾರಿಯೂ ಅಷ್ಟೇ ಹಳೆಯದು. 1665ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೊಗ್ರಾಫಿಯಾ’ದಲ್ಲಿ ಬರೆದಿಟ್ಟಿದ್ದ: ಗಾಜಿನ ಎಳೆಯನ್ನು ಉರಿಗೆ ಹಿಡಿದರೆ ತುದಿ ಕರಗಿ ಗುಂಡಗಾಗುತ್ತದೆ, ಆ ಗುಂಡೇ ಮಸೂರ. ದ್ರವದ ಮೇಲ್ಮೈ ತನ್ನನ್ನು ತಾನೇ ಬಿಗಿದುಕೊಳ್ಳುವುದರಿಂದ ಬರುವ ನಯ ಅದು. ಸೂಕ್ಷ್ಮದರ್ಶಕ ಮಾಡುತ್ತಿದ್ದ ಡೆಲ್ಫ್ಟಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಮಸೂರಗಳ ಗುಟ್ಟನ್ನು ಸಾಯುವ ತನಕ ಬಿಡಲಿಲ್ಲ. 2021ರಲ್ಲಿ ಡಚ್ ಸಂಶೋಧಕರು ಅವನ ಸೂಕ್ಷ್ಮದರ್ಶಕಗಳನ್ನು ಬಿಚ್ಚದೆ, ನ್ಯೂಟ್ರಾನ್ ಹಾಯಿಸಿ ಒಳಗೆ ನೋಡಿದರು. ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುವ, ಉಟ್ರೆಕ್ಟಿನಲ್ಲಿರುವ ಉಪಕರಣದೊಳಗೆ ಕಂಡದ್ದು ಸಣ್ಣ ತೊಟ್ಟು ಉಳಿದಿರುವ ಗಾಜಿನ ಗುಂಡು. ಹುಕ್ಕನ ವಿಧಾನವೇ! ಮುನ್ನೂರು ವರ್ಷ ಮುಚ್ಚಿಟ್ಟ ಗುಟ್ಟು ಅಚ್ಚಾದ ಪುಸ್ತಕದಲ್ಲೇ ಇತ್ತು. ಕಸುಬಿನವರ ಬುದ್ಧಿ ನನಗೆ ಗೊತ್ತು, ಆಶ್ಚರ್ಯವೇನೂ ಆಗಲಿಲ್ಲ.

ರೆಸಿನ್ ಕನ್ನಡಕಕ್ಕೆ ಬಂದದ್ದು ಬೆಳಕಿನಿಂದಲ್ಲ, ಶಾಖದಿಂದ. 1940ರಲ್ಲಿ ಅಮೆರಿಕದಲ್ಲಿ ತಯಾರಾದ ಸಿಆರ್-39 ಎಂಬ ರಾಳವನ್ನು ಗಾಜಿನ ಅಚ್ಚುಗಳ ನಡುವೆ ಎರೆದು, ಗಂಟೆಗಟ್ಟಲೆ ಕಾಯಿಸಿ ಲೆನ್ಸು ಮಾಡುವುದು 1947ರ ಹೊತ್ತಿಗೆ ಶುರುವಾಯಿತು. ತೂಕ ಗಾಜಿನ ಸುಮಾರು ಅರ್ಧ. ನಮ್ಮ ಗಿರಾಕಿಗಳು ‘ಫೈಬರ್’ ಅಂತ ಕೇಳಿ ಪಡೆಯುವುದು ಇದನ್ನೇ. ಆದರೆ ಅಚ್ಚಿನ ಮೈಯನ್ನು ಯಾರೋ ಉಜ್ಜಿಯೇ ನಯ ಮಾಡಿರುತ್ತಾರೆ.

ಪದರದ ಕಾಟ ತಪ್ಪಿಸಲು ಒಂದು ಗುಂಪು ಮೆಟ್ಟಿಲನ್ನೇ ಕಣ್ಣಿಗೆ ಕಾಣದಷ್ಟು ಕಿರಿದು ಮಾಡಲು ಹೊರಟಿತು. ಒಂದೇ ಕ್ಷಣದಲ್ಲಿ ಬೆಳಕಿನ ಎರಡು ಕಣಗಳನ್ನು, ಅಂದರೆ ಫೋಟಾನ್‌ಗಳನ್ನು, ಅಣುವೊಂದು ನುಂಗಬಲ್ಲದೆಂದು 1931ರಲ್ಲಿ ಮರಿಯಾ ಗೆಪರ್ಟ್ ಮಾಯರ್ ಲೆಕ್ಕ ಹಾಕಿ ತೋರಿಸಿದ್ದರು. ಆ ಲೆಕ್ಕ ಲೇಸರ್ ಬಂದ ಮೇಲೆ ಕೆಲಸಕ್ಕೆ ಬಂತು. ಎರಡು ಫೋಟಾನ್ ಸೇರುವುದು ಬೆಳಕು ತೀರಾ ದಟ್ಟವಾಗಿರುವ ಚುಕ್ಕೆಯಲ್ಲಿ ಮಾತ್ರ. ಹಾಗಾಗಿ ರೆಸಿನ್ ಅಲ್ಲಷ್ಟೇ ಗಟ್ಟಿಯಾಗುತ್ತದೆ. 2001ರಲ್ಲಿ ಒಸಾಕಾದವರು ಹೀಗೆ 10 ಮೈಕ್ರೋಮೀಟರ್ ಉದ್ದದ ಗೂಳಿ ಮಾಡಿದರು. 2016ರಲ್ಲಿ ಸ್ಟುಟ್‌ಗಾರ್ಟಿನವರು ಕೂದಲ ದಪ್ಪದ ಲೆನ್ಸು ಜೋಡಣೆಯನ್ನು ಆಪ್ಟಿಕಲ್ ಫೈಬರಿನ ತುದಿಯಲ್ಲೇ ಮುದ್ರಿಸಿದರು. ಇದು ಅದ್ಭುತ. ಆದರೆ ಚುಕ್ಕೆ ಚುಕ್ಕೆಯಾಗಿ ಗಟ್ಟಿ ಮಾಡುವ ಈ ವೇಗದಲ್ಲಿ ಕನ್ನಡಕ ಮಾಡಹೊರಟರೆ ಗಿರಾಕಿ ಕಾಯುವುದಿಲ್ಲ.

ಇನ್ನುಳಿದವರು ಹುಕ್ಕನಂತೆ ದ್ರವದ ಹನಿಗೇ ಮರಳಿದರು. ನೆದರ್ಲೆಂಡ್ಸಿನ ಲಕ್ಸೆಕ್ಸೆಲ್ ಕಂಪನಿ ಇಂಕ್‌ಜೆಟ್ಟಿನಂತೆ ರೆಸಿನ್ ಹನಿ ಉದುರಿಸಿ, ಹನಿಗಳು ಒಂದರಲ್ಲೊಂದು ಕಲೆತು ಸಮವಾದ ಮೇಲೆ ಬೆಳಕು ಹಾಯಿಸಿತು. ಪವರ್ ಲೆನ್ಸುಗಳನ್ನೂ ಮುದ್ರಿಸಿದ ಆ ಕಂಪನಿಯನ್ನು 2022ರ ಕೊನೆಗೆ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಕೊಂಡಿತು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯವರು ಇನ್ನೂ ಸರಳ ಉಪಾಯ ಮಾಡಿದರು. ಒಂದು ಬಳೆಯನ್ನು ರೆಸಿನ್ನಿನಷ್ಟೇ ಸಾಂದ್ರತೆಯ ದ್ರವದಲ್ಲಿ ಮುಳುಗಿಸಿ, ಬಳೆಯೊಳಗೆ ರೆಸಿನ್ ಸುರಿದರು. ಭಾರದ ಎಳೆತವೇ ಇಲ್ಲದಂತಾಗಿ ಮೇಲ್ಮೈ ತಾನಾಗಿ ಮಸೂರದ ಆಕಾರ ತಳೆಯುತ್ತದೆ. ಆಮೇಲೆ ಬೆಳಕು ಬಿಟ್ಟರಾಯಿತು. 2022ರ ಏಪ್ರಿಲ್‌ನಲ್ಲಿ ಗಗನಯಾತ್ರಿ ಈಟಾನ್ ಸ್ಟಿಬ್ಬೆ ಇದೇ ಪ್ರಯೋಗವನ್ನು ಅಂತರಿಕ್ಷ ನಿಲ್ದಾಣದಲ್ಲಿ ನಡೆಸಿದರು. ಈ ತತ್ವವನ್ನು 1843ರಲ್ಲೇ ನೀರು ಮದ್ಯಸಾರದ ಮಿಶ್ರಣದೊಳಗೆ ಎಣ್ಣೆಯ ಗುಂಡು ತೇಲಿಸಿ ತೋರಿಸಿದವನು ಬೆಲ್ಜಿಯಂನ ಜೋಸೆಫ್ ಪ್ಲಾಟೊ. ಆ ಹೊತ್ತಿಗೆ ಅವನ ದೃಷ್ಟಿ ಹೋಗುತ್ತಿತ್ತು. ಮುಂದಿನ ಪ್ರಯೋಗಗಳನ್ನೆಲ್ಲ ಅವನು ಮನೆಯವರ, ಸಹೋದ್ಯೋಗಿಗಳ ಕಣ್ಣಿನಿಂದ ನಡೆಸಿದ.

ಪದರದಲ್ಲಿ ಮುದ್ರಿಸಿದ ಲೆನ್ಸಿಗೂ ಈಗ ಕೊನೆಗೊಮ್ಮೆ ಅದೇ ರೆಸಿನ್ನಿನ ತೆಳು ಲೇಪ ಹಾಕಿ ಮೆಟ್ಟಿಲು ಮುಚ್ಚುತ್ತಾರೆ. ಬೆಳಕು ಹೀರಿ ಗಟ್ಟಿಯಾಗಲು ಬೆರೆಸಿದ ರಾಸಾಯನಿಕದಿಂದ ಹಳದಿ ಛಾಯೆ ಉಳಿಯುವುದುಂಟು. ಹಾಗಾಗಿ ಯಾರಾದರೂ ಪ್ರಿಂಟ್ ಮಾಡಿದ ಲೆನ್ಸು ಅಂತ ಹೆಚ್ಚು ದುಡ್ಡು ಕೇಳಿದರೆ ಮೊದಲು ಅದನ್ನು ಬಿಳಿ ಹಾಳೆಯ ಮೇಲಿಟ್ಟು ಬಣ್ಣ ನೋಡಿ. ಆಮೇಲೆ ಕಿಟಕಿಯ ಸರಳಿನತ್ತ ಹಿಡಿದು ನಿಧಾನ ಸರಿಸಿ. ಸರಳಿನ ಗೆರೆ ಅಲೆಅಲೆಯಾಗಿ ನಡುಗಿದರೆ ವಾಪಸ್ ಕೊಟ್ಟುಬಿಡಿ.