ತೀವ್ರ ವೈರಸ್ ಸೋಂಕಿನಲ್ಲಿ ಸ್ಟೀರಾಯ್ಡ್: ಉತ್ತರಕ್ಕೆ ಕಾದ ಅರ್ಧ ಶತಮಾನ

ವೈರಸ್ ಸೋಂಕು ಉಲ್ಬಣಿಸಿದಾಗ ಶ್ವಾಸಕೋಶವನ್ನು ಕೆಡಿಸುವುದು ವೈರಸ್ ಒಂದೇ ಅಲ್ಲ. ಅದನ್ನು ಹೊಡೆದೋಡಿಸಲು ಹೊರಟ ರೋಗನಿರೋಧಕ ವ್ಯವಸ್ಥೆ ಹದ ಮೀರಿದರೆ ಉರಿಯೂತ ಹಬ್ಬಿ, ಗಾಳಿಗೂಡುಗಳಲ್ಲಿ ದ್ರವ ತುಂಬುತ್ತದೆ. ಸ್ಟೀರಾಯ್ಡ್ ಕೊಟ್ಟು ಇದನ್ನು ತಡೆಯಬಹುದೇ? ಈ ಪ್ರಶ್ನೆಗೆ ಉತ್ತರ ತಡವಾದದ್ದು ಔಷಧವಿಲ್ಲದೆ ಅಲ್ಲ, ಕ್ರಮಬದ್ಧ ಪರೀಕ್ಷೆಯಿಲ್ಲದೆ.

1948ರಲ್ಲಿ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಆ ಶೋಧಕ್ಕೆ ಎರಡೇ ವರ್ಷದಲ್ಲಿ ನೊಬೆಲ್ ಸಂದಿತು. 1967ರಲ್ಲಿ ಡೆನ್ವರ್‌ನ ವೈದ್ಯ ಆಶ್‌ಬಾ ಮತ್ತು ಸಂಗಡಿಗರು ತೀವ್ರ ಉಸಿರಾಟದ ವೈಫಲ್ಯಕ್ಕೆ ತುತ್ತಾದ 12 ರೋಗಿಗಳ ವಿವರವನ್ನು 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ವೈರಸ್ ನ್ಯುಮೋನಿಯಾದಲ್ಲಿ ಸ್ಟೀರಾಯ್ಡ್ ಉಪಯೋಗಕ್ಕೆ ಬರಬಹುದೆಂಬ ಸೂಚನೆ ಅಲ್ಲೇ ಇತ್ತು.

2003ರ ಸಾರ್ಸ್ ಹಾವಳಿಯಲ್ಲಿ ಹಾಂಗ್‌ಕಾಂಗ್ ಮತ್ತು ಚೀನಾದ ವೈದ್ಯರು ಮೀಥೈಲ್‌ಪ್ರೆಡ್ನಿಸೋಲೋನ್ ಅನ್ನು ಭಾರಿ ಪ್ರಮಾಣದಲ್ಲಿ ಬಳಸಿದರು. ಕಣ್ಣೆದುರು ರೋಗಿಗಳು ಸಾಯುತ್ತಿದ್ದಾಗ ಅವರು ಕೈಕಟ್ಟಿ ಕೂರುವಂತಿರಲಿಲ್ಲ, ನಿಜ. ಆದರೆ ಬದುಕುಳಿದವರಲ್ಲಿ ಹಲವರಿಗೆ ರಕ್ತಸಂಚಾರ ನಿಂತು ಸೊಂಟದ ಕೀಲಿನ ಮೂಳೆ ಸತ್ತುಹೋಯಿತು. 2006ರ ವಿಮರ್ಶೆಯೊಂದು ಸಾರ್ಸ್‌ನಲ್ಲಿ ಸ್ಟೀರಾಯ್ಡ್ ಬಳಕೆಯ 29 ಅಧ್ಯಯನಗಳನ್ನು ಜರಡಿ ಹಿಡಿಯಿತು: 25ರಲ್ಲಿ ಯಾವ ತೀರ್ಮಾನವೂ ಇಲ್ಲ, 4ರಲ್ಲಿ ಹಾನಿಯ ಸೂಚನೆ. ಅಷ್ಟು ಜನರಿಗೆ ಔಷಧ ಕೊಟ್ಟೂ ಏನೂ ಕಲಿಯಲಾಗಲಿಲ್ಲವೆಂಬುದು ನೋವಿನ ಸಂಗತಿ. ಹೀಗಾಗಿಯೇ 2020ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ರೋಗಿಗಳಿಗೆ ಪ್ರಯೋಗಗಳ ಹೊರಗೆ ಸ್ಟೀರಾಯ್ಡ್ ಅನ್ನು ವಾಡಿಕೆಯಾಗಿ ಕೊಡಬೇಡಿ ಎಂದಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ 'ರಿಕವರಿ' ಪ್ರಯೋಗ ಆರಂಭಿಸಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಒಲವು ನಿರ್ಧರಿಸಲಿಲ್ಲ. ಚೀಟಿ ಎತ್ತಿದಂತೆ ಹಂಚಲಾಯಿತು. 2,104 ಮಂದಿಗೆ ದಿನಕ್ಕೆ ಕೇವಲ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಹೆಚ್ಚೆಂದರೆ 10 ದಿನ. 4,321 ಮಂದಿಗೆ ಎಂದಿನ ಆರೈಕೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ 28 ದಿನಗಳೊಳಗಿನ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿರದವರಿಗೆ ಮಾತ್ರ ಲಾಭವಾಗಲಿಲ್ಲ, ಅವರಲ್ಲಿ ಹಾನಿಯ ಸುಳಿವೂ ಕಂಡಿತು. ಸೋಂಕಿನ ಆರಂಭದಲ್ಲಿ ದೇಹಕ್ಕೆ ತನ್ನ ರಕ್ಷಣಾಬಲ ಬೇಕು. ಅದನ್ನು ಆಗಲೇ ಕುಗ್ಗಿಸುವುದು ತರವಲ್ಲ.

ಆಮ್ಲಜನಕ ಬೇಕಿರದವರಿಗೆ ಸ್ಟೀರಾಯ್ಡ್ ತರವಲ್ಲವೆಂಬ ಈ ಎಚ್ಚರಿಕೆ ನಮ್ಮಲ್ಲಿ ಸಾಕಷ್ಟು ಕಿವಿಗೆ ಬೀಳಲಿಲ್ಲ. 2021ರ ಎರಡನೇ ಅಲೆಯಲ್ಲಿ ಕರ್ನಾಟಕವೂ ಸೇರಿ ದೇಶದೆಲ್ಲೆಡೆ ಕಪ್ಪು ಶಿಲೀಂಧ್ರ ಸೋಂಕು ಹಬ್ಬಲು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡ್‌ನ ಅತಿಬಳಕೆಯೂ ಕಾರಣವಾಯಿತು.

ಕೋವಿಡ್‌ಗೆ ಸಿಕ್ಕ ಉತ್ತರವನ್ನು ಇನ್‌ಫ್ಲುಯೆಂಜಾಕ್ಕೆ ಹಾಗೆಯೇ ಅನ್ವಯಿಸಲಾಗದು. ಅಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಸಾವು ಹೆಚ್ಚೆಂದು ವೀಕ್ಷಣಾ ಅಧ್ಯಯನಗಳು ಹೇಳುತ್ತವೆ. ಆದರೆ ಹೆಚ್ಚು ಹದಗೆಟ್ಟವರಿಗೇ ಅದನ್ನು ಕೊಟ್ಟಿರುವ ಸಾಧ್ಯತೆಯಿರುವುದರಿಂದ, ದೋಷ ಔಷಧದ್ದೋ ರೋಗದ್ದೋ ಬೇರ್ಪಡಿಸಲಾಗದು. 'ರಿಕವರಿ' ತಂಡ ಇನ್‌ಫ್ಲುಯೆಂಜಾ ರೋಗಿಗಳನ್ನೂ ತನ್ನ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಈ ತೊಡಕನ್ನು ಬಿಡಿಸುವುದಕ್ಕೇ.