ಸ್ಕ್ರ್ಯಾಚ್ ಡಿಸ್ಕ್ ತುಂಬಿದ ಕಥೆ

ಮದುವೆ ಆಲ್ಬಮ್ಮಿನ 12×36 ಇಂಚಿನ ಹಾಳೆ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಫೋಟೋಶಾಪ್ ನಿಂತುಬಿಡುತ್ತದೆ: ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ, ಹೇಳಿದ ಕೆಲಸ ಮಾಡಲಾಗದು. ನಮ್ಮ ಊರುಗಳ ಸ್ಟುಡಿಯೊ, ಡಿಟಿಪಿ ಸೆಂಟರು, ಫ್ಲೆಕ್ಸ್ ಅಂಗಡಿಗಳಲ್ಲಿ ಇದಕ್ಕೆ ಮೂರು ಸಿದ್ಧ ಉತ್ತರಗಳಿವೆ. ಸಿಸ್ಟಮ್ ಹಳತಾಯಿತು, ಸಿ ಡ್ರೈವಿನಲ್ಲಿ ಕಸ ತುಂಬಿದೆ, ಇಲ್ಲವೇ ರ‍್ಯಾಮ್ ಸಾಲದು. ಮೂರರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಈ ಸಂದೇಶಕ್ಕೆ ಮೂರೂವರೆ ದಶಕದ ಇತಿಹಾಸವೂ ಇದೆ. ಅದನ್ನು ನೋಡುತ್ತ ಹೋದರೆ ಬೇರೊಂದು ಸಂಗತಿ ಕಾಣುತ್ತದೆ. ಡಿಸ್ಕನ್ನು ತಿನ್ನುವುದರಲ್ಲಿ ಚಿತ್ರದ ಪಾಲಿಗಿಂತ, ಮಾಡಿದ್ದನ್ನು ಬೇಡವೆಂದು ಹಿಂದಕ್ಕೆ ಹೋಗುವ ನಮ್ಮ ಸೌಕರ್ಯದ ಪಾಲೇ ದೊಡ್ಡದು.

ಕಥೆ ಶುರುವಾಗುವುದು ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ನೋಲ್ 1987ರಲ್ಲಿ ತನ್ನ ಮ್ಯಾಕಿಂಟಾಷ್ ಪ್ಲಸ್ ಯಂತ್ರದ ಬರೀ ಕಪ್ಪು-ಬಿಳುಪಿನ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸುವ ಒಂದು ಪ್ರೋಗ್ರಾಂ ಬರೆದ. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್‌ನಲ್ಲಿ ಸಿನಿಮಾ ಕೆಲಸ ಮಾಡುತ್ತಿದ್ದ ತಮ್ಮ ಜಾನ್ ನೋಲ್‌ಗೆ ಅದರಲ್ಲಿ ವ್ಯಾಪಾರ ಕಂಡಿತು. ಅಡೋಬಿ ಕಂಪನಿ ಅದನ್ನು ಫೋಟೋಶಾಪ್ 1.0 ಎಂದು ಮಾರುಕಟ್ಟೆಗೆ ತಂದದ್ದು 1990ರ ಫೆಬ್ರುವರಿಯಲ್ಲಿ. ಅದಕ್ಕೆ ಬೇಕಾಗಿದ್ದ ರ‍್ಯಾಮ್ 2 ಎಂಬಿ. ಎ4 ಅಳತೆಯ ಒಂದು ಬಣ್ಣದ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 26 ದಶಲಕ್ಷ ಬೈಟ್ ಆಗುತ್ತದೆ. ಅಂದರೆ ಚಿತ್ರ ಮೆಮೊರಿಗಿಂತ ಹನ್ನೆರಡು ಪಟ್ಟಿಗೂ ದೊಡ್ಡದು. ಡಿಸ್ಕನ್ನೇ ಮೆಮೊರಿಯಂತೆ ಬಳಸುವ ಉಪಾಯ, ಅಂದರೆ ವರ್ಚುವಲ್ ಮೆಮೊರಿ, ಆಗಲೇ ಹಳೆಯದು. ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ 1962ರಲ್ಲೇ, ಡಿಸ್ಕಿನ ಬದಲು ಮ್ಯಾಗ್ನೆಟಿಕ್ ಡ್ರಮ್ ಬಳಸಿ, ಅದನ್ನು ಮಾಡಿ ತೋರಿಸಿತ್ತು. ಆದರೆ ಮ್ಯಾಕಿಂಟಾಷ್‌ನ ಆಪರೇಟಿಂಗ್ ಸಿಸ್ಟಮ್ಮಿಗೆ ಆ ವಿದ್ಯೆ ದಕ್ಕಿದ್ದು 1991ರ ಸಿಸ್ಟಮ್ 7ರಲ್ಲಿ. ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ, ಆದ್ದರಿಂದ ಪ್ರೋಗ್ರಾಂ ತನ್ನ ವರ್ಚುವಲ್ ಮೆಮೊರಿಯನ್ನು ತಾನೇ ಕಟ್ಟಿಕೊಂಡಿತು. ಅದಕ್ಕಾಗಿ ಅದು ಬಳಸುವ ಡಿಸ್ಕೇ ಸ್ಕ್ರ್ಯಾಚ್ ಡಿಸ್ಕ್. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2013ರಲ್ಲಿ ಬಿಡುಗಡೆ ಮಾಡಿದ ಮೊದಲ ಆವೃತ್ತಿಯ ಮೂಲ ಕೋಡ್, ಬಹುಪಾಲು ಪ್ಯಾಸ್ಕಲ್ ಭಾಷೆಯ ಸುಮಾರು 1,28,000 ಸಾಲುಗಳು, ಈಗ ಯಾರು ಬೇಕಾದರೂ ನೋಡಬಹುದು. ವರ್ಚುವಲ್ ಮೆಮೊರಿಗೆಂದೇ ಬರೆದ ಭಾಗ ಅದರಲ್ಲಿದೆ.

ಹಾಗಾದರೆ ಆಪರೇಟಿಂಗ್ ಸಿಸ್ಟಮ್ ಆ ಕೆಲಸ ಕಲಿತ ಮೇಲೂ ಫೋಟೋಶಾಪ್ ತನ್ನ ಸ್ವಂತ ವ್ಯವಸ್ಥೆಯನ್ನು ಯಾಕೆ ಬಿಡಲಿಲ್ಲ? ಇದು ಹಳೇ ಚಾಳಿ, ಜಂಭ ಎಂದು ದೂರುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಆ ದೂರು ನಿಲ್ಲುವುದಿಲ್ಲ. ಮೇಲೆ ಹೇಳಿದ ಆಲ್ಬಂ ಹಾಳೆಯನ್ನೇ ತೆಗೆದುಕೊಳ್ಳೋಣ. ಇಂಚಿಗೆ 300 ಚುಕ್ಕೆಯಂತೆ ಅದು 3,600 ಸಾಲು, ಸಾಲಿಗೆ 10,800 ಚುಕ್ಕೆ. ಚುಕ್ಕೆಗೆ ಮೂರು ಬೈಟಿನಂತೆ ಒಂದು ಸಾಲಿಗೆ 32,400 ಬೈಟ್. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿಯ ತುಂಡುಗಳಾಗಿ ಡಿಸ್ಕಿಗೆ ಸಾಗಿಸುತ್ತದೆ. ಸಾಲುಸಾಲಾಗಿ ಜೋಡಿಸಿಟ್ಟ ಈ ಚಿತ್ರದ ಮೇಲಿಂದ ಕೆಳಗೆ ಬ್ರಶ್ಶಿನಿಂದ ಒಂದು ತೆಳ್ಳನೆ ಗೆರೆ ಎಳೆದರೆ ಪ್ರತಿ ಸಾಲಿಗೂ ಒಂದು ಹೊಸ ತುಂಡು ಬೇಕು. 3,600 ತುಂಡು, ಹತ್ತಿರ ಹತ್ತಿರ 14 ಎಂಬಿ, ಅದೂ ಒಂದು ಗೆರೆಗೆ. ಅದರ ಬದಲು ಚಿತ್ರವನ್ನೇ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟರೆ? ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಶುರುಮಾಡಿದ ಉಚಿತ ತಂತ್ರಾಂಶ ಗಿಂಪ್, 64×64 ಚುಕ್ಕೆಗಳ ಚೌಕ ಬಳಸಿತು. ಅದೇ ಗೆರೆಗೆ ಅಲ್ಲಿ 57 ಚೌಕ ಸಾಕು, ಒಟ್ಟು 700 ಕೆಬಿಯೂ ಆಗುವುದಿಲ್ಲ. ಫೋಟೋಶಾಪ್ ಕೂಡ ತನ್ನದೇ ಅಳತೆಯ ಚೌಕಗಳನ್ನು ಹೀಗೇ ನಿಭಾಯಿಸುತ್ತದೆ. ಕುಂಚ ಮುಂದೆ ಯಾವ ಕಡೆ ಹೋದೀತು ಎಂಬ ಅಂದಾಜು ಚಿತ್ರದ ಪ್ರೋಗ್ರಾಮಿಗೆ ಇರಬಹುದೇ ಹೊರತು ಆಪರೇಟಿಂಗ್ ಸಿಸ್ಟಮ್ಮಿಗಲ್ಲ. ಪರಸ್ಪರ ಪೈಪೋಟಿಯ ಎರಡು ತಂತ್ರಾಂಶಗಳು ಒಂದೇ ದಾರಿ ಹಿಡಿದದ್ದು ಚಾಳಿಯಿಂದಲ್ಲ.

ಇಲ್ಲಿಯವರೆಗಿನದು ಅನಿವಾರ್ಯದ ಮಾತು. ಹಸಿವು ಬೆಳೆದದ್ದು ಆಮೇಲೆ. ಮೊದಲ ಫೋಟೋಶಾಪ್‌ನಲ್ಲಿ ಅನ್‌ಡೂ ಒಂದೇ ಹೆಜ್ಜೆ. ತಪ್ಪು ಮಾಡಿ ಇನ್ನೊಂದು ಗೆರೆ ಎಳೆದರೆ ಮೊದಲಿನ ತಪ್ಪು ಅಲ್ಲಿಗೆ ಕಾಯಂ. ಚಿತ್ರದ ಮೂರರಿಂದ ಐದು ಪಟ್ಟು ಖಾಲಿ ಜಾಗ ಇರಲಿ ಎಂಬ ಹಳೆಯ ಸೂತ್ರ ಅಂಥ ಕೆಲಸಕ್ಕೆ ಸರಿಯಾಗಿಯೇ ಇತ್ತು. 1994ರ 3.0 ಆವೃತ್ತಿ ಲೇಯರ್‌ಗಳನ್ನು ತಂದಿತು. ಒಂದರ ಮೇಲೊಂದು ಇಟ್ಟ ಚಿತ್ರಗಳನ್ನು ಕೊನೆಯವರೆಗೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಬಹುದಾಯಿತು. 1998ರ 5.0ರಲ್ಲಿ ಹಿಸ್ಟರಿ ಬಂತು: ಹಿಂದಿನ 20 ಹೆಜ್ಜೆಗಳು ಸದಾ ಸಿದ್ಧ. ಈಗ ಅದು ತಾನಾಗಿಯೇ 50. ಹೆಜ್ಜೆಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಕೆನ್ನೆಯ ಮೇಲಿನ ಮೊಡವೆ ಅಳಿಸಿದರೆ ಬದಲಾದ ನಾಲ್ಕಾರು ಚೌಕಗಳಷ್ಟೇ ಡಿಸ್ಕಿಗೆ ಹೋಗುತ್ತವೆ. ಇಡೀ ಹಾಳೆಗೆ ಬ್ಲರ್ ಕೊಟ್ಟರೆ, ಬಣ್ಣ ತಿದ್ದಿದರೆ, ಅಳತೆ ಬದಲಿಸಿದರೆ ಎಲ್ಲ ಚೌಕಗಳೂ ಬದಲಾಗುತ್ತವೆ. ಹಳೆಯ ಚಿತ್ರ ಪೂರ್ತಿಯಾಗಿ ಹಿಂದೆ ಉಳಿಯಬೇಕು. ನಮ್ಮ ಆಲ್ಬಂ ಹಾಳೆ ಒಂದೇ ಲೇಯರಿನಲ್ಲಿ ಸುಮಾರು 111 ಎಂಬಿ. ಅಂಥ 50 ಹೆಜ್ಜೆಗೆ ಐದೂವರೆ ಜಿಬಿ, 16 ಬಿಟ್ ಬಣ್ಣದಲ್ಲಾದರೆ ಅದರ ಇಮ್ಮಡಿ. ಸೇವ್ ಮಾಡಿದ ಫೈಲಿನ ಗಾತ್ರ ನೋಡಿ ‘ಇಷ್ಟು ಚಿಕ್ಕ ಚಿತ್ರಕ್ಕೆ ಇಷ್ಟು ಜಾಗವೇ’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಈಗ ರ‍್ಯಾಮ್ ಅಗ್ಗ, ಇದೆಲ್ಲ ತೊಂಬತ್ತರ ದಶಕದ ಸಂಕಟ ಎನ್ನಬಹುದು. ಆದರೆ ರ‍್ಯಾಮಿನ ಜೊತೆ ಚಿತ್ರವೂ ಬೆಳೆದಿದೆ. ಫೋಟೋಶಾಪ್ 7 ಚಿತ್ರದ ಒಂದು ಬದಿಗೆ 30,000 ಚುಕ್ಕೆ ಮೀರಲು ಬಿಡುತ್ತಿರಲಿಲ್ಲ. 2003ರ ಸಿಎಸ್ ಆವೃತ್ತಿ ಆ ಮಿತಿಯನ್ನು 3,00,000ಕ್ಕೆ ಏರಿಸಿತು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಫ್ಲೆಕ್ಸನ್ನು ಇಂಚಿಗೆ 72 ಚುಕ್ಕೆಯಲ್ಲಿ ಮಾಡಿದರೆ 427 ಎಂಬಿ, ರಸ್ತೆಯಾಚೆಯಿಂದ ನೋಡುವವರಿಗೆ ಅದು ಧಾರಾಳ. ಯಾರೋ ಅಭ್ಯಾಸಬಲದಿಂದ 300 ಎಂದು ಒತ್ತಿದರೆ ಮೊದಲ ಗೆರೆ ಎಳೆಯುವ ಮುಂಚೆಯೇ ಏಳು ಜಿಬಿ ದಾಟುತ್ತದೆ. ಹಳೆಯ ಆವೃತ್ತಿ ಆಗದು ಎಂದು ಹೇಳಿ ಸುಮ್ಮನಾಗುತ್ತಿತ್ತು, ಹೊಸದು ಆಗಲಿ ಎನ್ನುತ್ತದೆ. ಈ ಔದಾರ್ಯದ ಬಿಲ್ಲು ಸಿ ಡ್ರೈವಿಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಚುಕ್ಕೆಗಳನ್ನೇ ಕೂಡಿಡುವುದೇಕೆ, ಏನು ಮಾಡಿದೆವು ಎಂಬ ಟಿಪ್ಪಣಿಯನ್ನಷ್ಟೇ ಇಟ್ಟುಕೊಂಡರೆ ಸಾಲದೇ? ತೊಂಬತ್ತರ ದಶಕದಲ್ಲಿ ಲೈವ್ ಪಿಕ್ಚರ್ ಎಂಬ ತಂತ್ರಾಂಶ ಹೀಗೆಯೇ ಮಾಡಿ, ದೊಡ್ಡ ಚಿತ್ರಗಳನ್ನು ಸಣ್ಣ ಯಂತ್ರದಲ್ಲಿ ಸಲೀಸಾಗಿ ಆಡಿಸಿತು. ಅದು ಬಾಳಲಿಲ್ಲ. ಆದರೆ ಉಪಾಯ ಸಾಯಲಿಲ್ಲ. 2003ರಲ್ಲಿ ಬಂದ ಕ್ಯಾಮೆರಾ ರಾ, ಮೂಲ ಫೋಟೋವನ್ನು ಮುಟ್ಟದೆ ತಿದ್ದುಪಡಿಗಳನ್ನು ಅಂಕಿಗಳಾಗಿ ಬರೆದಿಡುತ್ತದೆ. ಅದನ್ನು ಬರೆದವನೂ ಅದೇ ಥಾಮಸ್ ನೋಲ್! ಬೆಳಕು, ಬಣ್ಣ ತಿದ್ದಲು ಈ ದಾರಿಯೇ ಮೇಲು, ಡಿಸ್ಕಿಗೂ ಹಗುರ. ಆದರೆ ಮಂಟಪದ ಹಿಂದಿನ ತಂತಿ ಅಳಿಸುವುದು, ಗುಂಪಿನ ಫೋಟೋದಲ್ಲಿ ಒಬ್ಬರ ಮುಚ್ಚಿದ ಕಣ್ಣಿಗೆ ಇನ್ನೊಂದು ಫೋಟೋದ ತೆರೆದ ಕಣ್ಣು ಕೂರಿಸುವುದು ನೂರಾರು ಬ್ರಶ್ ಗೆರೆಗಳ ಕೆಲಸ. ಪ್ರತಿ ಸಲವೂ ಟಿಪ್ಪಣಿ ಓದಿ ಎಲ್ಲವನ್ನೂ ಮೊದಲಿಂದ ಬಿಡಿಸುವುದಕ್ಕಿಂತ ಚೌಕಗಳನ್ನು ಡಿಸ್ಕಿನಲ್ಲಿಡುವುದೇ ಅಲ್ಲಿ ವೇಗ.

ಆದ್ದರಿಂದ ಸಂದೇಶ ಬಂದಾಗ ಮನೆಯವರ ಫೋಟೋ, ಹಾಡುಗಳನ್ನು ಅಳಿಸಲು ಹೊರಡಬೇಡಿ. ಮೊದಲು ಇಂಚಿಗೆ ಎಷ್ಟು ಚುಕ್ಕೆ ಇದೆ ನೋಡಿ, ಮುಗಿದ ಲೇಯರ್‌ಗಳನ್ನು ಒಂದುಮಾಡಿ, ಹಿಸ್ಟರಿಯನ್ನು 50ರಿಂದ 15–20ಕ್ಕೆ ಇಳಿಸಿ. ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು ವಿಂಡೋಸ್ ಇಲ್ಲದ ಬೇರೆ ಡ್ರೈವಿಗೆ ಬದಲಿಸಿ. ಫೋಟೋಶಾಪ್ ತೆರೆಯಲೇ ಒಪ್ಪದಿದ್ದರೆ, ಅದು ಶುರುವಾಗುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀಗಳನ್ನು ಒತ್ತಿಹಿಡಿದರೆ ಡ್ರೈವ್ ಬದಲಿಸುವ ಕಿಟಕಿ ಬರುತ್ತದೆ. ಕರೆಂಟು ಹೋಗಿ ಯಂತ್ರ ಆರಿದ ದಿನಗಳ ‘ಫೋಟೋಶಾಪ್ ಟೆಂಪ್’ ಫೈಲುಗಳು ಟೆಂಪ್ ಫೋಲ್ಡರಿನಲ್ಲಿ ಉಳಿದಿರಬಹುದು. ಫೋಟೋಶಾಪ್ ಮುಚ್ಚಿ ಅವನ್ನು ಅಳಿಸಿ. ಎಡಿಟ್ ಮೆನುವಿನ ಪರ್ಜ್ ಆಜ್ಞೆ ಹಿಸ್ಟರಿಯನ್ನು ಒಂದೇ ಏಟಿಗೆ ಖಾಲಿ ಮಾಡುತ್ತದೆ, ಆದರೆ ಅದಕ್ಕೆ ಅನ್‌ಡೂ ಇಲ್ಲ. ಒತ್ತುವ ಮೊದಲು ಫೈಲ್ ಸೇವ್ ಮಾಡಿಕೊಳ್ಳಿ.